ಬಟವಾಡೆ

ಮಂಗಳವಾರ ಹತ್ತೂವರೆಗೆ ಮಾರ್ತಾ ಬರುತ್ತಾಳೆ
ಗ್ಲಾಸ್ಗೋದಿಂದ, ದೋಣಿ ಹತ್ತದೆ, ಬೂಟು ಒದ್ದೆಯಾಗದೆ,
ಅಡುಗೆಮನೆಯ ಮೇಜಿನ ಮೇಲೆ
ಬ್ರೆಡ್ಡಿನ ಡಬ್ಬಿಗೆ ಒರಗಿಸಿಟ್ಟ ಗಾಜಿನೊಳಗೆ.
"ಹೇಗಿದ್ದೀರಿ ಓಯ್ರಿಕ್?" ಎನ್ನುತ್ತಾಳೆ.
ಚೆನ್ನಾಗಿದ್ದೇನೆ ಎನ್ನುತ್ತೇನೆ.
ಇಬ್ಬರೂ ಆ ಮಾತನ್ನು ಬದಿಗಿಟ್ಟು ಕೆಲಸ ಶುರುಮಾಡುತ್ತೇವೆ.

ಗಡ್ಡೆ ಹೋಗಿ ಹದಿನಾಲ್ಕು ತಿಂಗಳು.
ಕೂದಲು ಬಂದಿದೆ, ಮೊದಲಿಗಿಂತ ಗುಂಗುರು.
ಸ್ಕ್ಯಾನು ಸ್ವಚ್ಛ. ಊರಿನವರಿಗೆ ನಾನು ಗೆದ್ದವಳು,
ಚರ್ಚಿನಲ್ಲಿ ಕೈ ಕುಲುಕುತ್ತಾರೆ.
ಯಾರಿಗೆ ಹೇಳಲಿ, ಗೆದ್ದು ಬಂದವಳಿಗೆ
ಜರಡಿಯ ಹೆಸರು ಸಿಗಲಿಲ್ಲವೆಂದು?
ಕೈಯಲ್ಲೇ ಇತ್ತು. ನೀರು ಸೋರುತ್ತಿತ್ತು.
"ಆ ತೂತಿನದು" ಎಂದೆ ಗಂಡನಿಗೆ.
ಅವನು ನಕ್ಕ. ಆಮೇಲೆ ನಗಲಿಲ್ಲ.

ಇಪ್ಪತ್ತಾರು ವರ್ಷ ಬರ್ನರೇ ದ್ವೀಪಕ್ಕೆ ಅಂಚೆ ಹಂಚಿದವಳು ನಾನು.
ಸಂಖ್ಯೆಯಿಲ್ಲದ ಮನೆಗಳು; ಎಂಟು ಮಂದಿ ಡೊನಾಲ್ಡರು.
ಲಕೋಟೆಯ ಅಕ್ಷರ ನೋಡಿಯೇ ಹೇಳುತ್ತಿದ್ದೆ:
ಇದು ಬೋಳು ಡೊನಾಲ್ಡನಿಗೆ,
ಇದು ಹೊಸದಾಗಿ ಪ್ರೇಮಕ್ಕೆ ಬಿದ್ದವನಿಗೆ.
ಈಗ ಮೂರು ಅಂಕಿಗಳನ್ನು ಹಿಂದಿನಿಂದ ಹೇಳಿ ಎಂದರೆ
ನಡುವಿನದು ಜಾರುತ್ತದೆ, ಬಚ್ಚಲ ಸೋಪಿನ ಹಾಗೆ.

ಗಾಳಿ ಎದ್ದರೆ ತೆರೆ ನಿಂತುಹೋಗುತ್ತದೆ.
ಮಾರ್ತಾಳ ಬಾಯಿ ಅರ್ಧ ತೆರೆದು, ಕಣ್ಣು ಅರ್ಧ ಮುಚ್ಚಿ,
ಮಾತಿನ ನಡುವೆ ಮಾತಿಲ್ಲದೆ.
ಒಮ್ಮೆ ಹಾಗೆ ಹೋಗಿ ಮರಳಿ ಬಂದು
"ಕ್ಷಮಿಸಿ, ಎಲ್ಲಿದ್ದೆ ನಾನು?" ಎಂದಳು.
ನೋಡು, ಎಂದೆ, ಇದೇ.
ಆರು ವಾರದಿಂದ ಕೇಳುತ್ತಿದ್ದೀಯಲ್ಲ, ಒಳಗೆ ಹೇಗಿರುತ್ತದೆಂದು.
ಎಲ್ಲರಿಗೂ ನನ್ನ ಮುಖ ಕಾಣುತ್ತಿರುತ್ತದೆ,
ನಾನಿನ್ನೂ ದಾರಿಯಲ್ಲಿರುತ್ತೇನೆ.
ಅವಳು ಏನೂ ಬರೆದುಕೊಳ್ಳಲಿಲ್ಲ. ಅದು ನನಗೆ ಹಿಡಿಸಿತು.

ಇವತ್ತು ಹನ್ನೆರಡು ಪದ ಕೊಟ್ಟಿದ್ದಾಳೆ.
ಗೊತ್ತಿರುವ ದಾರಿಯೊಂದನ್ನು ನೆನೆದು
ತಿರುವಿಗೊಂದರಂತೆ ಇಡುತ್ತಾ ಹೋಗಿ, ಎಂದಳು.
ದಾರಿಯೇ? ನನಗೆ?
ಕೆಂಪು ವ್ಯಾನಿನ ಬಾಗಿಲು ಸರಿಸಿದೆ.

ಬಂದರಿನ ಮೂಲೆಯ ಅವಳಿಗಳ ಮನೆಗೆ ನಿಂಬೆಹಣ್ಣು.
ಕಣ್ಣಿಗೆ ಪೊರೆ ಬಂದ ಲಾಕ್ಲನ್ನನ ಡಬ್ಬಿಗೆ ಏಣಿ, ಹಿಡಿಸದೆ ಅರ್ಧ ಹೊರಗೆ.
ನಾಯಿ ಕಚ್ಚುವ ಮನೆಗೆ ಪಿಯಾನೊ; ಇಟ್ಟು ಓಡಿಬಂದೆ.
ಪಾದ್ರಿಗೆ ವೆಲ್ವೆಟ್ಟು. ತಕ್ಕದ್ದೇ.
ಗುಡ್ಡ ಹತ್ತಿ, ಕುರಿಗೇಟು ತೆಗೆದು, ಹಾಕಿ
(ಹಾಕುವುದನ್ನು ಮರೆಯಲಿಲ್ಲ, ಅದನ್ನು ಬರೆದುಕೊ ಮಾರ್ತಾ)
ಕೊನೆಗೆ ಕಡಲಂಚಿನ ಶೀಲಸಳ ಮನೆ.

ನಾವಿಬ್ಬರೂ ಒಂದೇ ಗುರುವಾರ, ಒಂದೇ ಕಿಟಕಿಯ ಕೆಳಗೆ
ಒಂದೇ ಕೆಂಪು ಔಷಧಿಯನ್ನು ತೋಳಿಗೆ ಹನಿಸಿಕೊಂಡವರು.
ಅವಳು ಪದಬಂಧ ಬಿಡಿಸುತ್ತಿದ್ದಳು, ಪೆನ್ನಿನಲ್ಲಿ, ಹೊಡೆದುಹಾಕದೆ.
ಕೊನೆಯ ತನಕ ಒಂದು ಪದ ತಪ್ಪಲಿಲ್ಲ ಅವಳಿಗೆ.
ಕೊನೆ ಬೇಗ ಬಂತು, ಅಷ್ಟೆ.
ಬಾಗಿಲಿಗೀಗ ಹಲಗೆ ಹೊಡೆದಿದೆ. ಡಬ್ಬಿಯಲ್ಲಿ ಯಾವುದೋ ಹಕ್ಕಿಯ ಹಳೆ ಗೂಡು.
ಹನ್ನೆರಡನೆಯದನ್ನು ಅಲ್ಲೇ ಒಳಗೆ ಸರಿಸಿದೆ, ಹುಲ್ಲು ಕದಲದಂತೆ.

"ಈಗ ವಾಪಸು ಬನ್ನಿ," ಎಂದಳು, "ಒಂದೊಂದಾಗಿ."
ನಿಂಬೆ. ಏಣಿ. ಪಿಯಾನೊ.
ಬೆರಳು ಮಡಿಸುತ್ತಾ ಬಂದೆ. ಹನ್ನೊಂದು.
ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕೇಳಿದಳು. ಹನ್ನೊಂದು.
"ಸೆಪ್ಟೆಂಬರಿನಲ್ಲಿ ನಾಲ್ಕಿತ್ತು, ಗೊತ್ತಾ?
ಒಂದೇ ಒಂದು ಮರೆತಿರಿ."

ಮರೆತೆನೋ, ಕೊಟ್ಟುಬಂದೆನೋ.
ಡಬ್ಬಿಗೆ ಬಿದ್ದ ಕಾಗದವನ್ನು ಮತ್ತೆ ಕೈಹಾಕಿ ತೆಗೆಯುವಂತಿಲ್ಲ,
ಕೆಲಸಕ್ಕೆ ಸೇರಿದ ದಿನ ಕಲಿತದ್ದು ಅದು.
ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ.
ಹಾಗೆಂದು ಅವಳಿಗೆ ಹೇಳಿದೆನೋ ಇಲ್ಲವೋ, ಅದೂ ನೆನಪಿಲ್ಲ.

ಅಷ್ಟರಲ್ಲಿ ಸುಟ್ಟ ವಾಸನೆ.
ಒಲೆಯ ಮೇಲೆ ಕೆಟಲು, ನೀರಿಂಗಿ, ತಳ ಕೆಂಪಗಾಗಿ.
ಮಾರ್ತಾ ಗಾಜಿನೊಳಗಿಂದ ಕೂಗುತ್ತಿದ್ದಾಳೆ:
"ನಿಲ್ಲಿ! ಏನು ಮಾಡಬೇಕು? ಜೋರಾಗಿ ಹೇಳಿ!"
ಹೇಳುತ್ತೇನೆ, ಜೋರಾಗಿ, ಹೊಗೆಯೊಳಗೆ ನಡೆಯುತ್ತಾ:
ಒಲೆ. ಗುಂಡಿ. ಬಟ್ಟೆ. ಕಿಟಕಿ.
ನಾಲ್ಕಕ್ಕೆ ನಾಲ್ಕು.