ಹದಿನಾರರ ತೋಟಾ

ಕೂನಿಯೊದ ಕೋವಿ ಅಂಗಡಿಯವನು ತಲೆಯಾಡಿಸಿದ:
ಹದಿನಾರರ ತೋಟಾ ಇದೆ ಸಿನ್ಯೋರಾ,
ಆದರೆ ಎಪ್ಪತ್ತು ಮಿಲಿಮೀಟರಿನದು.
ನಿಮ್ಮ ಕೋವಿಯ ಗೂಡು ಅರವತ್ತೈದು.
ಐದೇ ತಾನೇ ಅಂದೀರಿ. ಭತ್ತದ ಕಾಳಿಗಿಂತ ಕಮ್ಮಿ.
ಅಷ್ಟು ಸಾಕು, ಹಳೆಯ ನಳಿಗೆ ಸಿಟ್ಟಿಗೇಳಲು.

ಸಿಟ್ಟಿನ ಕೋವಿ ಅಲ್ಲ ಅದು.
ಸುರುಳಿ ಸುತ್ತಿ ಬಡಿದ ಉಕ್ಕಿನ ಜೋಡುನಳಿಗೆ,
ಬಿಸಿಲಿಗೆ ಹಿಡಿದರೆ ಹಾವಿನ ಪೊರೆಯ ಗೆರೆ.
ಕುದುರೆಗಳೆರಡೂ ಹೊರಗೇ,
ಕಿವಿ ಹಿಂದಕ್ಕೆ ಒತ್ತಿಕೊಂಡು ನಿಂತಿವೆ.
ಸೆಕೊಂದೊ ದೊಡ್ಡಪ್ಪನಿಗೆ ತೊಂಬತ್ತಮೂರು.
'ಒಂದು ಸಲ ಅದರ ದನಿ ಕೇಳಿಸು, ಇನೆಸ್' ಅಂದ.
ಊಟ ಕೇಳಿದಷ್ಟು ಸಲೀಸಾಗಿ ಅಂದ.

ಹುಡುಕಿದೆ.
ಮೊಂದೊವಿಯ ಭಾನುವಾರದ ಸಂತೆಯಲ್ಲಿ
ಬಾಗಿಲ ಬಿಜಾಗರಿ, ತುಕ್ಕು ಕತ್ತರಿಗಳ ನಡುವೆ.
ಚೇವಾದಲ್ಲಿ, ಗಂಡ ಸತ್ತವಳೊಬ್ಬಳ ಮೇಜಿನ ಖಾನೆಯಲ್ಲಿ:
ಅಲ್ಲಿದ್ದದ್ದು ಹನ್ನೆರಡರವು, ಮತ್ತೆ ಒಂದು ಹಲ್ಲಿನ ಸೆಟ್ಟು.
ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದ ಹಾಗೆ
ಕೊನೆಗೆ ಸಿಕ್ಕಿದ್ದು ನಮ್ಮದೇ ಮನೆಯ ಹಿಂದೆ,
ಚೆಸ್ಟ್‌ನಟ್ ಒಣಗಿಸುತ್ತಿದ್ದ ಗುಡಿಸಲ ಅಟ್ಟದಲ್ಲಿ.
ಬಿಸ್ಕತ್ತಿನ ಡಬ್ಬಿ. ಹಿತ್ತಾಳೆ ತೋಟಾ ಇಪ್ಪತ್ತಮೂರು.
ತುಂಬಿದ್ದವು ಇನ್ನೂ.

ತುಂಬುತ್ತಿದ್ದವಳು ಅಜ್ಜಿ, ಎರ್ಸಿಲಿಯಾ.
ಚಳಿಗಾಲದ ರಾತ್ರಿ, ಒಲೆಯಿಂದ ದೂರ, ಕಿಟಕಿಯ ಪಕ್ಕ,
ಕೇಪು, ಕರಿಮದ್ದು, ರಟ್ಟು, ಫೆಲ್ಟಿನ ಬಿಲ್ಲೆ, ಚರೆ,
ಮೇಲೊಂದು ರಟ್ಟು, ಅದರ ಅಂಚಿಗೆ ಮೇಣ.
ಗಂಡಸರು ಹೊಡೆದು ಬರುತ್ತಿದ್ದರು.
ತಪ್ಪಿದರೆ ಮದ್ದು ಹಸಿ ಅನ್ನುತ್ತಿದ್ದರು.

ಮೊದಲನೆಯದನ್ನು ಬಿಚ್ಚಿದೆ.
ಮೇಣ ಕೆರೆದೆ, ಚರೆ ತಟ್ಟೆಗೆ ಸುರಿಯಿತು,
ಒಂದಿಷ್ಟು ಮೇಜಿನಿಂದ ಉರುಳಿ ಇವತ್ತಿಗೂ ಕಾಲಿಗೆ ಸಿಗುತ್ತವೆ.
ಆಮೇಲೆ ಬಿಲ್ಲೆ ಬಂತು.
ಬೂದು ಹಸಿರು, ಮೊಲದ ತುಪ್ಪಳದಷ್ಟು ಮೆತ್ತಗೆ.
ಎರಡನೆಯದೂ ಅದೇ ಹಸಿರು.
ಏಳನೆಯ ಬಿಲ್ಲೆಗೆ ರೇಷ್ಮೆ ಅಸ್ತರಿ ಅಂಟಿತ್ತು,
ಅದರ ಮೇಲೆ ಚಿನ್ನದ ಅರ್ಧ ಅಕ್ಷರ.

ಸಾವಿರದೊಂಬೈನೂರ ಐವತ್ತೇಳು, ನನ್ನಪ್ಪನ ಮದುವೆ.
ಫೋಟೋದಲ್ಲಿ ದೊಡ್ಡಪ್ಪ ಒಬ್ಬನೇ ಬರಿದಲೆ.
ಅಲೆಸ್ಸಾಂದ್ರಿಯಾದಿಂದ ತರಿಸಿದ ಟೋಪಿ,
ಎರಡು ತಿಂಗಳ ಕೂಲಿ, ಹಿಂದಿನ ವಾರ ಮಾಯ.
ಚೆಲೆಸ್ತೀನೊ ಕದ್ದ, ಸಾಲಕ್ಕೆ ಮಾರಿದ ಅಂದ.
ಅಪ್ಪ ಕದ್ದಿಲ್ಲ ಅಂದ, ಒಂದೇ ಸಲ ಅಂದ.
ಆಮೇಲೆ ಹನ್ನೊಂದು ವರ್ಷ ಮಾತಿಲ್ಲ.
ಒಂದೇ ಮೇಜಿನಲ್ಲಿ ಉಪ್ಪು ಬೇಕಾದರೂ ಅಜ್ಜಿಯ ಮುಖಾಂತರ.
ಅವಳು ಈ ಕೈಯಿಂದ ಆ ಕೈಗೆ ಉಪ್ಪು ದಾಟಿಸಿದಳು,
ತುಟಿ ಪಿಟಕ್ಕೆನ್ನಲಿಲ್ಲ.

ಫೆಲ್ಟು ಮುಗಿದಿತ್ತೇ ಆ ಚಳಿಗಾಲ?
ಎರಡು ತಿಂಗಳ ಕೂಲಿ ಗೂಟಕ್ಕೆ ತೂಗಾಡುವುದು
ಕಣ್ಣಿಗೆ ಚುಚ್ಚಿತೇ?
ಬೇರೆಯವರು ಟೋಪಿ ಹಾಕುತ್ತಾರೆ.
ಅಜ್ಜಿ ತೆಗೆದು ಹಾಕಿದಳು.

ಬಿಲ್ಲೆಗಳನ್ನು ದೊಡ್ಡಪ್ಪನ ಮಡಿಲಿಗೆ ಸುರಿದೆ.
ಬಹಳ ಹೊತ್ತು ಬೆರಳಲ್ಲಿ ಉಜ್ಜಿದ.
ಅಪ್ಪ ಸತ್ತು ಹದಿನಾಲ್ಕು ವರ್ಷ.
'ಹಾಗಾದರೆ' ಅಂದ, 'ಅದನ್ನು ನಾನೇ ಹೊಡೆದೆ.
ಮೂರು ಋತು, ಗುಡ್ಡದ ತುಂಬ.
ಮೊಲಗಳು ಹಾಕಿಕೊಂಡಿರಬೇಕು.'
ನಗಲಿಲ್ಲ.
'ಚೆಲೆಸ್ತೀನೊ ಒಂದೇ ಸಲ ಅಂದ' ಅಂದ.

ಹಳೆ ಮದ್ದನ್ನು ಹೂಕುಂಡಕ್ಕೆ ಚೆಲ್ಲಿದೆ.
ಹಿತ್ತಾಳೆಯನ್ನು ವಿನಿಗರಿನಲ್ಲಿ ತೊಳೆದು ಒಣಗಿಸಿದೆ.
ಹೊಸ ಕೇಪು, ಹೊಸ ಮದ್ದು, ಅಳತೆಗಿಂತ ಒಂದು ಚಿಟಿಕೆ ಕಡಿಮೆ.
ಚರೆ ಬೇಡ ಅಂದ.
ಬಿಲ್ಲೆ ಅದೇ.

ಹಿತ್ತಲಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ,
ಹಿಂದಿನಿಂದ ಭುಜಕ್ಕೆ ಭುಜ ಕೊಟ್ಟೆ.
ಕುದುರೆ ಬಿತ್ತು.
ದನಿ ನಾನೆಣಿಸಿದ್ದಕ್ಕಿಂತ ದಪ್ಪ, ನಿಧಾನ,
ಗಂಧಕದ ಹೊಗೆಯಲ್ಲಿ ಅಂಗಳವೇ ಕಾಣೆಯಾಯಿತು.

ಹೊಗೆಯೊಳಗಿಂದ ಬ್ರಿಸಾ ಬಂತು,
ಹಕ್ಕಿ ಸಿಕ್ಕಿತೆಂದೇ ನಂಬಿದ ನಾಯಿಯ ನಡಿಗೆ.
ಬಾಯಿ ಬಿಟ್ಟು ಅವನ ಅಂಗೈಗೆ ಹಾಕಿತು:
ಸುಟ್ಟ ಅಂಚು, ಜೊಲ್ಲು, ಒಂದಾಣೆಯಷ್ಟಗಲ.

ದೊಡ್ಡಪ್ಪ ಅದನ್ನು ಕೊಡವಿ
ಬೋಳು ನೆತ್ತಿಯ ಮೇಲೆ ಇಟ್ಟುಕೊಂಡು
ಕೇಳಿದ,
ಅಳತೆ ಸರಿಯಿದೆಯೇ ನೋಡು.