ಅಲ್ಪವಿರಾಮ

ಅವರ ಮುಖ ನಾನು ಕಂಡದ್ದು ನಾಲ್ಕೇ ಸಲ.
ದನಿ ಮಾತ್ರ ಇಪ್ಪತ್ತಾರು ವರ್ಷ, ಪ್ರತಿ ಮಂಗಳವಾರ
ಸಂಜೆ ಆರೂಕಾಲಕ್ಕೆ, ನನ್ನ ಎಡಗಿವಿಯಲ್ಲಿ.
ಪ್ಯಾರಿಸ್ಸಿನ ಪತ್ರಿಕೆಯೊಂದರ ಬೆರಳಚ್ಚುಗಾರ್ತಿ ನಾನು,
ಊರೂರಿಂದ ಫೋನಿನಲ್ಲಿ ಬಂದದ್ದನ್ನೆಲ್ಲ ಕೀಲಿಗೆ ಇಳಿಸುವವಳು:
ಸೈಕಲ್ ಪಂದ್ಯ, ಗಣಿ ಮುಷ್ಕರ, ಮಂತ್ರಿಯ ಹೊಟ್ಟೆನೋವು.
ಆಮೇಲೆ ಅವರು.
"ಮಿರೇಯ್, ಕಾಗದ ಹಾಕಿದಿರಾ?"

ಮದಾಮ್ ಅರ್ಲೆತ್ ವೊದ್ರೆ. ಪುಸ್ತಕ ವಿಮರ್ಶೆ. ಒಂಬೈನೂರು ಪದ.
ವಿರಾಮಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳುವರು,
ಅಡುಗೆಗೆ ಉಪ್ಪು ಚಿಟಿಕೆ ಹಿಡಿದು ಹಾಕಿದ ಹಾಗೆ.
"ಈ ಲೇಖಕರು ಮಳೆಯನ್ನು ಬಲ್ಲರು, ಅಲ್ಪವಿರಾಮ,
ನೆನೆದವರನ್ನು ಅರಿಯರು, ಪೂರ್ಣವಿರಾಮ."
ನಾನು ಕಿಸಕ್ಕನೆ ನಕ್ಕೆ. ಆ ತುದಿಯಲ್ಲಿ ಮೌನ.
"ನಗು ಬಂತೇ? ಹಾಗಾದರೆ ಹೊಡೆದುಹಾಕಿ.
ನಗಿಸುವುದು ಸುಲಭ."

ಅಪ್ಪ ನಿವೆರ್ನೇ ಕಾಲುವೆಯ ತೂಬು ಕಾಯುತ್ತಿದ್ದವನು.
ದೋಣಿ ಗಂಟೆ ಬಾರಿಸಿದರೆ ಉಣ್ಣುವ ತಟ್ಟೆ ಬಿಟ್ಟು ಏಳಬೇಕು,
ಚಕ್ರ ತಿರುಗಿಸಬೇಕು, ನೀರು ಏರುವ ತನಕ ನಿಲ್ಲಬೇಕು,
ಸೌದೆಯ ದೋಣಿಗೂ ಅಷ್ಟೇ ನೀರು, ಸಾಹುಕಾರನ ದೋಣಿಗೂ ಅಷ್ಟೇ.
ಕಾಯುವಾಗ ಅಂಬಿಗರು ಓದಿ ಎಸೆದ ಹರುಕು ಕಾದಂಬರಿಗಳು
ಮಗಳ ಪಾಲು. ಕೊನೆಯ ಪುಟಗಳಿಲ್ಲದವೇ ಹೆಚ್ಚು.
ಯಾಕೆಂದು ಕೇಳಬೇಡಿ, ಅಂದಿದ್ದರು,
ದೋಣಿಯಲ್ಲಿ ಕಾಗದಕ್ಕೆ ಬೇರೆ ಉಪಯೋಗಗಳಿದ್ದವು.

ಹದಿನೆಂಟಕ್ಕೆ ಪ್ಯಾರಿಸ್, ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ,
ಕಣ್ಣಿಗೆ ಸೀಸದ ಧೂಳು, ರಾತ್ರಿಗೆ ಈರುಳ್ಳಿ ಸಾರು.
ಬರೆಯಬೇಕಾದವನಿಗೆ ನೆಗಡಿಯಾಗಿ
ಮೊದಲ ವಿಮರ್ಶೆ ಇವರ ಕೈಗೆ ಬಂತು.
"ಇನ್ನೊಬ್ಬನ ಮೂಗಿನಿಂದ ಇಳಿದ ವೃತ್ತಿ ನನ್ನದು."
ನಲವತ್ತಾಗುವ ಹೊತ್ತಿಗೆ ಮರಳಿ ಕಾಲುವೆಯ ಮಗ್ಗುಲಿಗೆ,
ಅಪ್ಪ ಹೋದಮೇಲೆ ಖಾಲಿ ಬಿದ್ದ ತೂಬಿನ ಮನೆಗೆ.
ಅದಕ್ಕೇ ಫೋನು.

ವರ್ಷಕ್ಕೆರಡು ಸಲ ರೈಲಿನಲ್ಲಿ, ಎರಡು ಸೂಟ್‌ಕೇಸು ತುಂಬ
ಪ್ರಕಾಶಕರು ಕಳಿಸಿದ್ದನ್ನೆಲ್ಲ ಹೇರಿಕೊಂಡು ಬರುವರು,
ಸೆನ್ ದಂಡೆಯ ಹಸಿರು ಪೆಟ್ಟಿಗೆಯವನಿಗೆ ಮಾರುವರು.
ಸಂಬಳ ಅಷ್ಟಕ್ಕಷ್ಟೆ, ಚಳಿಗಾಲದ ಕಲ್ಲಿದ್ದಲು ಅದರಿಂದಲೇ.
ಆದರೆ ಮೊದಲು ಲೇಖಕರು ಸಹಿ ಹಾಕಿದ ಹಾಳೆಯನ್ನು
ಅಪ್ಪನ ಕ್ಷೌರದ ಬ್ಲೇಡಿನಿಂದ ಕೊಯ್ದು
ಬಿಸ್ಕತ್ತಿನ ಡಬ್ಬಿಗೆ ಹಾಕಿಡುವರು. "ಗೌರವಪೂರ್ವಕ", "ಭಯದಿಂದ",
"ದಯವಿಟ್ಟು ಓದಿ", ಹೀಗೆ ಸಾವಿರಕ್ಕೂ ಮೀರಿ.

ಒಂದು ಮಂಗಳವಾರ ಲೇಖನವಿಲ್ಲ.
"ಎಪ್ಪತ್ತೊಂದರ ಮಾರ್ಚಿ, ಕೆರ್ವೆಲ್ಲಾ ಅನ್ನುವ ಹುಡುಗನ ಮೊದಲ ಕಾದಂಬರಿ.
ಪ್ರತಿ ಹುಡುಕಿ, ನನಗೆ ಓದಿ."
ಓದಿದೆ. "ವಿರಾಮಗಳನ್ನೂ ಓದಿ."
ಮತ್ತೆ ಮೊದಲಿಂದ, ಅಲ್ಪವಿರಾಮ, ಅರ್ಧವಿರಾಮ,
ಕಡ್ಡಿ ಮುರಿದಂಥ ಆ ಹನ್ನೆರಡು ವಾಕ್ಯ.
ಸೋರುವ ಮಾಡಿಗೆ ಹೆಂಚು ಹೊದಿಸಲು ಬಂದವನು ಅವನೇ ಅಂತೆ.
ಏಣಿ ಇಳಿದು, ಕೈ ಒರೆಸಿಕೊಂಡು, ಹೆಸರು ಹೇಳಿದನಂತೆ.
"ನೀವು ಬರೆದದ್ದು ನಿಜ, ಮದಾಮ್."
ಕೂಲಿ ಎಣಿಸಿಕೊಂಡ. ಕಾಫಿ ಬೇಡವೆಂದ.
ನಾನು ಓದಿ ಮುಗಿಸಿದಾಗ ತಂತಿಯಲ್ಲಿ ಗಾಳಿಯ ಸದ್ದು.
"ಎಲ್ಲ ಸರಿಯಾಗಿಯೇ ಇದೆ, ಮಿರೇಯ್.
ಒಂದು ಚುಕ್ಕೆಯೂ ತಪ್ಪಿಲ್ಲ."
ಫೋನಿಟ್ಟರು. ಆ ವಾರ ಅವರ ಜಾಗದಲ್ಲಿ
ಚದುರಂಗದ ಸಮಸ್ಯೆ ಅಚ್ಚಾಯಿತು.

ಐವತ್ತೊಂಬತ್ತಕ್ಕೆ ತಮ್ಮದೂ ಒಂದು ಬರೆದರು, ನೂರಾ ಹತ್ತು ಪುಟ,
ದೋಣಿಗಾಗಿ ಕಾಯುವುದನ್ನು ಬಿಟ್ಟರೆ ಅದರಲ್ಲಿ ಏನೂ ನಡೆಯದು.
ನಮ್ಮವರನ್ನು ನಾವೇ ಹೊಗಳಬಾರದೆಂದು ನಮ್ಮ ಪತ್ರಿಕೆ,
ಹಳೆಯ ಗಾಯ ನೆಕ್ಕುತ್ತ ಮಿಕ್ಕ ಪತ್ರಿಕೆಗಳು,
ಎಲ್ಲವೂ ಸುಮ್ಮನಿದ್ದವು.
ಓಸೆರ್ ಪಟ್ಟಣದ ದಿನಪತ್ರಿಕೆಯಲ್ಲಿ ನಾಲ್ಕು ಸಾಲು,
ಅದರಲ್ಲೂ ಅವರ ಹೆಸರಿನ ಒಂದಕ್ಷರ ತಪ್ಪು.
ಕರಡು ತಿದ್ದಿದವಳಲ್ಲವೇ, ಅದೊಂದಕ್ಕೆ ಜೋರಾಗಿ ನಕ್ಕರು.

ನನಗೂ ಅಂಚೆಯಲ್ಲಿ ಒಂದು ಪ್ರತಿ ಬಂತು. ಸಹಿಯ ಹಾಳೆ ಖಾಲಿ.
ಮರೆತಿರಬೇಕು ಅಂದುಕೊಂಡೆ.
ಮಂಗಳವಾರ, ಆರೂಕಾಲು:
"ಪುಸ್ತಕ ಬಿಚ್ಚಿ. ಇವತ್ತು ಯಂತ್ರ ಬೇಡ, ಪೆನ್ನು ತೆಗೆದುಕೊಳ್ಳಿ."
ಹೇಳಿದರು, ಬರೆದುಕೊಂಡೆ.
ಐದು ಪದ, ನಡುವೆ ಒಂದು ಅಲ್ಪವಿರಾಮ.
ಪೂರ್ಣವಿರಾಮ ಹೇಳಲಿಲ್ಲ, ನಾನೂ ಹಾಕಲಿಲ್ಲ.

ಹಸಿರು ಪೆಟ್ಟಿಗೆಯವನು ಮೊನ್ನೆ ತಿರುಗಿಸಿ ನೋಡಿ ಹೇಳಿದ:
ಇದು ಅವರ ಅಕ್ಷರವಲ್ಲ, ಎರಡು ಫ್ರಾಂಕ್ ಕೂಡ ಬಾಳದು.
ಮಾರಲು ಒಯ್ದಿರಲಿಲ್ಲ. ಬೆಲೆ ಕೇಳಿ ಬರೋಣವೆಂದು,
ಅಷ್ಟೇ.