ಮುಳುಗಿದ ಊರಿನ ಗುಳಗಿ

ಹದಿನೆಂಟನೇ ತಾರೀಖಿಗೆ ಬಿ.ಪಿ. ಗುಳಗಿ ತೀರತಾವು.
ಹತ್ತೊಂಬತ್ತಕ್ಕ ನಾ ಖಿಡಕಿ ಅರ್ಧಾ ತೆಗೀತೀನಿ,
ಪೂರಾ ತೆಗದರ ಕೈ ಬಾಳ ಒಳಗ ಬರ್ತಾವು.

ಸಾವಂತ್ರೆವ್ವ ಬರಿದಾದ ಪಟ್ಟಿ ಚಾಚತಾಳ,
ಒಡದ ಹತ್ತೂ ತೂತು ಬೆಳ್ಳಗ ಹೊಳೀತಾವು.
"ಒಂದನೇ ತಾರೀಖಿಗೆ ಬಾ ಯವ್ವಾ."
"ಅಲ್ಲೀತನಾ ತಲೀಗೆ ಏನ್ ಹೇಳ್ಲಿ?"

ಹೋದ ವರ್ಷ ಇಪ್ಪತ್ತಾರಕ್ಕ
ಮಗ್ಗದ ಮುಂದನ ಕುಸದ ರಾಜೇಸಾಬ.
ಬಾಯಿ ಒಂದ್ ಕಡೆ ಜಾರಿತ್ತು, ಲಾಳಿ ಇನ್ನೂ ಓಡತಿತ್ತು.
ಅವನ ಮಗ ಬಂದು ನಮ್ಮ ಗಾಜು ಒಡದ.
ಬಾಗಲಕೋಟಿಂದ ಮೂವರು ಸಾಹೇಬ್ರು ಬಂದ್ರು,
ಚುರುಮುರಿ ತಿಂದ್ರು, ಚಾ ಕುಡದ್ರು,
ಮೂಲಕಾರಣ: ಸಿಬ್ಬಂದಿಯ ನಿರ್ಲಕ್ಷ್ಯ, ಅಂತ ಬರದ್ರು.
ನರ್ಸ್ ನಿಂಬೆವ್ವಗ ನೋಟಿಸ್ ಬಂತು,
ನನ್ನ ತಲಿ ಮ್ಯಾಲ ಕ್ಯಾಮೆರಾ ಬಂತು.
ಗುಳಗಿ ಅಷ್ಟೇ ಬಂದವು.

ಆಮ್ಯಾಲೆ ಒಂದಿನ ಕರೆಂಟ್ ಹೋದಾಗ
ಕಪಾಟಿನ ತಳದ ಫೈಲು ಬಿಚ್ಚಿದೆ.
ಗೆದ್ದಲು ಅಂಚಷ್ಟೇ ತಿಂದಿತ್ತು, ಅಂಕಿ ಬಿಟ್ಟಿತ್ತು:
ಜನಸಂಖ್ಯೆ ಎರಡು ಸಾವಿರದ ಒಂಬೈನೂರಾ ಹದಿನಾಲ್ಕು.
ಅದು ಹಳೇ ಸಿರಗುಂಡಿ. ಹಿನ್ನೀರು ನುಂಗಿದ್ದು.
ನಾವಿರೂದು ದಿನ್ನಿ ಮ್ಯಾಲಿನ ಪುನರ್ವಸತಿ;
ಮುಳುಗಿದ ಮೂರು ಊರು ಒಂದೇ ಓಣಿಗೆ ಬಂದು
ಮಕ್ಕಳು ಹಡದು, ಮಗ್ಗ ಹಾಕಿ, ಏಳು ಸಾವಿರ ದಾಟೇವಿ.
ಹಾಸಿಗಿ, ಸೂಜಿ, ಬ್ಲೀಚಿಂಗ್ ಪುಡಿ, ನಿಂಬೆವ್ವನ ಒಂದೇ ಒಂದು ಹುದ್ದೆ,
ಎಲ್ಲಾ ಇನ್ನೂ
ನೀರಿನ ತಳದ ಮಂದಿಯ ಲೆಕ್ಕಕ್ಕ ಬರತಾವು.

ವರ್ಷಾ ಒಂದು ನಮೂನೆ ತುಂಬಬೇಕು.
ಕಡೀ ಕಲಂ: "ಬದಲಾವಣೆ ಇದೆಯೇ?"
ಇಲ್ಲ. ಇಲ್ಲ. ಇಲ್ಲ. ಯಾರ್ಯಾರದೋ ಅಕ್ಷರ.
ಹಾಳಿ ತಿರುವಿದೆ. ಕಡೀ ಹನ್ನೊಂದು "ಇಲ್ಲ" ನನ್ನವು.
ಒತ್ತಕ್ಷರ ಎಷ್ಟು ದುಂಡಗ ಬಂದಿತ್ತು!

ಬ್ಯಾಸಿಗ್ಯಾಗ ನೀರು ಹಿಂದ ಸರದಾಗ
ಹಳೇ ದವಾಖಾನಿ ಗ್ವಾಡಿ ಎದ್ದು ನಿಲ್ತದ,
ಮ್ಯಾಲ ಕೆಂಪು ತ್ರಿಕೋನ, ಅರ್ಧ ಬಣ್ಣ.
ಬಾಗಲಾ ಇಲ್ಲದ ಬಾಗಲದಾಗ
ಕೊಕ್ಕರೆ ಪಾಳಿ ಹಚ್ಚಿರ್ತಾವು.

ಈ ಸಲ "ಹೌದು" ಅಂತ ಒತ್ತಿದೆ.
ಹೊಸ ಊರಿನ ಹೆಸರು ಹಾಕಿದೆ, ಮಂದಿ ಎಷ್ಟಂತ ಹಾಕಿದೆ.
ಪರದೆ ಒಂದು ಗಳಿಗಿ ಯೋಚನಿ ಮಾಡಿ
"ಈ ಗ್ರಾಮ ಅಸ್ತಿತ್ವದಲ್ಲಿಲ್ಲ" ಅಂತು.

ಇಲ್ಲದ ಊರಿನ ಪಾವಟಿಗಿ ಮ್ಯಾಲ ಕುಂತಾಕಿ ಸಾವಂತ್ರೆವ್ವ,
ಸೆರಗಿಲೆ ಹಣಿ ಒತ್ತಿಗೋತ
ಖಿಡಕಿ ಕಡೆ ತಿರುಗಿ ಕೇಳಿದ್ಲು:
"ಇವತ್ತು ಎಷ್ಟನೇ ತಾರೀಖಪಾ?"